ಸುಟ್ಟ ಮನೆಗಿಂತ ಉಳಿದ ಮನೆ ನೋಡ್ಬೇಕು

ಆಸ್ಟ್ರೇಲಿಯಾದಲ್ಲಿ ಬುಶ್‌ಫೈರ್, ಅಂದ್ರೆ ಕಾಡ್ಗಿಚ್ಚಿನ ರಿಸರ್ಚ್ ಟೀಮಲ್ಲಿದ್ದೀನಿ ಅಂದ್ರೆ ಊರ ಕಡೆಯವ್ರು ನಾನು ಬೆಂಕಿ ಆರಿಸ್ತೀನಿ ಅನ್ಕೋತಾರೆ. ಅಲ್ಲಪ್ಪ, ಬೆಂಕಿ ತಣ್ಣಗಾಗಿ ರಸ್ತೆ ಓಪನ್ ಆದ್ಮೇಲೆ ನಮ್ಮ ಕೆಲಸ ಶುರು, ಟ್ಯಾಬ್ಲೆಟ್ ಹಿಡ್ಕೊಂಡು ಮನೆಮನೆ ಸುತ್ತಿ ಯಾವ್ದು ಸುಡ್ತು, ಎಲ್ಲಿಂದ ಹತ್ಕೊಳ್ತು, ಪಕ್ಕದ್ದು ಹೆಂಗೆ ಉಳೀತು ಅಂತ ಬರ್ಕೊಳೋದು.

ಸೇರಿದ ಹೊಸದ್ರಲ್ಲಿ ನಮ್ಮ ಸೀನಿಯರ್ ಹೇಳಿದ್ದು ಇಷ್ಟೇ, ಪೂರ್ತಿ ಸುಟ್ಟಿದ್ರಲ್ಲಿ ಟೈಮ್ ವೇಸ್ಟ್ ಮಾಡ್ಬೇಡ, ಅರ್ಧಂಬರ್ಧ ಸುಟ್ಟು ಉಳ್ಕೊಂಡಿದ್ಯಲ್ಲ ಅದನ್ನ ನೋಡು ಅಂತ. ನಿಜ. ಬೂದಿಯಾದ ಮನೇಲಿ ಏನಿರತ್ತೆ, ತಗಡು, ಚಿಮಣಿ, ಕರಗಿ ಗಟ್ಟಿಯಾದ ಅಲ್ಯೂಮಿನಿಯಂ. ಉಳಿದ ಮನೇಲಿ ಬಾಗಿಲ ಮುಂದಿನ ತೆಂಗಿನ ನಾರಿನ ಮ್ಯಾಟ್ ಸುಟ್ಟು ಬಾಗಿಲ ಬುಡ ಕಪ್ಪಾಗಿ ಅಲ್ಲಿಗೇ ನಿಂತಿರತ್ತೆ, ಡೆಕ್ ಅಂತಾರಲ್ಲ, ಮನೆಗೆ ಅಂಟಿದ ಮರದ ಜಗಲಿ, ಅದರ ಹಲಗೆ ಸಂದೀಲಿ ಎಲೆ ಸಿಕ್ಕಾಕೊಂಡಿದ್ದ ಕಡೆ ಮಾತ್ರ ಒಂದು ಗುಳಿ ಬಿದ್ದಿರತ್ತೆ. ಬೆಂಕಿ ಎಲ್ಲಿಂದ ಒಳಗೆ ಬರೋಕೆ ನೋಡ್ತು ಅನ್ನೋದು ಅಲ್ಲೇ ಗೊತ್ತಾಗೋದು.

ಟೀವಿ ನೋಡಿ ನಾವು ಜ್ವಾಲೆ ಬಂದು ಮನೆ ನುಂಗತ್ತೆ ಅನ್ಕೊಂಡಿರ್ತೀವಿ. ಬಹುಪಾಲು ಮನೆ ಹೋಗೋದು ಗಾಳೀಲಿ ಹಾರಿ ಬರೋ ಕೆಂಡದಿಂದ. ಇಲ್ಲಿನ ಯೂಕಲಿಪ್ಟಸ್ ಜಾತಿ ಮರಗಳ ತೊಗಟೆ ಸುಲಿದು ಉದ್ದುದ್ದ ಜೋತಾಡ್ತಿರತ್ತೆ, ಅದಕ್ಕೆ ಬೆಂಕಿ ಹತ್ತಿ ಮೇಲೆ ಹೋಯ್ತು ಅಂದ್ರೆ ಕಿಲೋಮೀಟರ್‌ಗಟ್ಟಲೆ ಮುಂದೆ ಹೋಗಿ ಬೀಳತ್ತೆ. ವಿಕ್ಟೋರಿಯಾ ರಾಜ್ಯದಲ್ಲಿ 173 ಜನ ಸತ್ತ 2009ರ ಫೆಬ್ರವರಿ 7ರ ಕಾಡ್ಗಿಚ್ಚು, ಬ್ಲ್ಯಾಕ್ ಸ್ಯಾಟರ್ಡೇ ಅಂತಾರೆ, ಅದ್ರಲ್ಲೂ ಹಂಗೇ, ಬೆಂಕಿ ಸಾಲಿಗಿಂತ ಎಷ್ಟೋ ಮುಂದೆ ಹೊಸ ಹೊಸ ಬೆಂಕಿ, ಸಾಲದ್ದಕ್ಕೆ ಸಂಜೆ ಗಾಳಿ ದಿಕ್ಕು ಬದಲಾಗಿ ಉದ್ದಕ್ಕೆ ಮಲಗಿದ್ದ ಬೆಂಕಿಯ ಪಕ್ಕವೇ ಮುಂಭಾಗ ಆಗೋಯ್ತು. 2003ರ ಜನವರಿಲಿ ಕ್ಯಾನ್‌ಬೆರಾದಲ್ಲಿ 500ರ ಹತ್ರ ಮನೆ ಹೋದಾಗ್ಲೂ ಕೆಂಡದ್ದೇ ದೊಡ್ಡ ಪಾಲು, ಆಮೇಲೆ ಮನೆಯಿಂದ ಮನೆಗೆ ಹತ್ಕೊಂಡಿದ್ದು.

ಹಂಗಾಗಿ ನಮ್ಮ ರಿಪೋರ್ಟಲ್ಲಿ ಬರೋದೆಲ್ಲ ಚಿಲ್ಲರೆ ಅನ್ಸೋ ವಿಷಯ. ಸೂರಿನ ಅಂಚಿನ ಮಳೆನೀರಿನ ಗಟರಲ್ಲಿ ಎಲೆ ತುಂಬಿದ್ಯಾ, ಮಾಡಿನ ಸಂದಿ ಮುಚ್ಚಿದ್ಯಾ, ಗಾಳಿಕಿಂಡಿಗೆ 2 ಮಿಲಿಮೀಟರ್‌ಗಿಂತ ದೊಡ್ಡ ಕಣ್ಣಿಲ್ಲದ ಲೋಹದ ಜಾಲರಿ ಇದ್ಯಾ, ಡೆಕ್ ಕೆಳಗೆ ಸೌದೆ ಪೇರಿಸಿದಾರಾ. (ನಮ್ಮ ಶಿರಸಿ ಕಡೆ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸಿ ಕೊಟ್ಟಿಗೆಗೆ ಹಾಕ್ತಾರೆ, ಇಲ್ಲಿ ದನ ಇಲ್ವಲ್ಲ, ಸೂರಿನ ಮೇಲೇ ಕೂತಿರತ್ತೆ.) ಮಾಡೆಲಿಂಗ್ ಟೀಮಿನವ್ರ ಬಣ್ಣಬಣ್ಣದ ಮ್ಯಾಪ್ ನೋಡಿದ್ರೆ ನಮ್ದು ಬಡಪಾಯಿ ಕೆಲಸ ಅನ್ಸತ್ತೆ. ಆದ್ರೆ ಬೆಂಕಿ ಯಾವ ಕಡೆ ಓಡತ್ತೆ ಅಂತ ಮ್ಯಾಪ್ ಹೇಳ್ಬಹುದು, ಯಾವ ಮನೆ ಹತ್ಕೊಳತ್ತೆ ಅನ್ನೋದು ಗಟರಿಗೇ ಗೊತ್ತು.

ಮೀಟಿಂಗಲ್ಲಿ ಜನ ಕೇಳೋದು ಒಂದೇ, ನೀರು ಸುರಿಯೋ ವಿಮಾನ ಬರಲ್ವಾ ಅಂತ. ತೀರಾ ಕೆಟ್ಟ ದಿನ ಗಾಳಿ, ಹೊಗೆ ಜಾಸ್ತಿಯಾಗಿ ವಿಮಾನ ಹಾರೋದೇ ಕಷ್ಟ ಅಂದ್ರೆ ಮುಖ ಸಪ್ಪಗಾಗತ್ತೆ. ಬೆಂಕಿ ಅಪಾಯದ ಎಲ್ಲಕ್ಕಿಂತ ಮೇಲಿನ ಮಟ್ಟ, ಕ್ಯಾಟಸ್ಟ್ರೋಫಿಕ್ ರೇಟಿಂಗ್, ಬಂದ್ರೆ ಗಟರ್, ಜಾಲರಿ ನಂಬ್ಕೊಂಡು ಕೂರೋ ಹಂಗೂ ಇಲ್ಲ, ಬೇಗ ಊರು ಬಿಡೋದೇ.

ಕಾಡಂಚಿನಲ್ಲಿ ಹೊಸದಾಗಿ ಕಟ್ಟೋರಿಗೆ ಬೆಂಕಿ ರಿಸ್ಕ್ ನೋಡಿ ಕಟ್ಟೋ ಸ್ಟ್ಯಾಂಡರ್ಡ್ ಇದೆ. ಅದಕ್ಕೂ ಮುಂಚೆ ಕಟ್ಟಿದ ಮನೆಗಳಿಗೆ ಅದು ತಾನಾಗೇ ಅನ್ವಯ ಆಗಲ್ಲ, ಮನೆಯವ್ರೇ ಮನಸ್ಸು ಮಾಡಿ ದುಡ್ಡು ಹಾಕ್ಬೇಕು, ಈಗ ನಮ್ಮ ಟೀಮಿನ ದೊಡ್ಡ ತಲೆನೋವು ಅದೇ.