580 ಡಿಗ್ರಿ ನೋಡಿ ಖುಷಿಪಟ್ಟು ಪೆಚ್ಚಾದ ಕಥೆ

ಕಲ್ಲುಗಳ ಕಾಂತತ್ವ ಅಳೆಯೋ ಲ್ಯಾಬಿಗೆ ಸೇರಿ ಮೂರ್ನಾಲ್ಕು ತಿಂಗಳಾಗಿತ್ತು ಅಷ್ಟೇ. ಸಮುದ್ರದ ತಳದಿಂದ ಡ್ರಿಲ್ ಮಾಡಿ ತೆಗೆದ ಬಸಾಲ್ಟ್ (ಲಾವಾ ಗಟ್ಟಿಯಾಗಿ ಆಗೋ ಕಲ್ಲು) ತುಂಡುಗಳು ಕೈಗೆ ಬಂದ್ವು, ಒಳಗಿರೋ ಕಾಂತೀಯ ಖನಿಜ ಯಾವ್ದು ಅಂತ ಹೇಳ್ಬೇಕಿತ್ತು. ಪುಡಿ ಮಾಡೋದು, ಬಿಸಿ ಮಾಡ್ತಾ ಹೋಗೋದು, ಎಷ್ಟು ಡಿಗ್ರಿಗೆ ಕಾಂತತ್ವ ಸತ್ತೋಗತ್ತೆ ನೋಡೋದು, ಅದೇ ಕ್ಯೂರಿ ಟೆಂಪರೇಚರ್, ಇದರಲ್ಲೇನಿದೆ ಮಹಾ ಅನ್ಕೊಂಡೆ.

ಗಾಳಿಯಲ್ಲೇ, ಒಂದೇ ಏಟಿಗೆ 700 ಡಿಗ್ರಿವರೆಗೆ ಓಡಿಸ್ಬಿಟ್ಟೆ. ಗ್ರಾಫ್ 580ರ ಹತ್ರ ಧೊಪ್ ಅಂತ ಬಿತ್ತು. 580 ಅಂದ್ರೆ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಕಾಂತೀಯ ಖನಿಜ, ಬಾಯಿಪಾಠ ಆಗಿದ್ದ ನಂಬರ್, ಹಂಗೇ ರಿಪೋರ್ಟಲ್ಲಿ ಬರ್ದು ಕೊಟ್ಟೆ.

ಸೀನಿಯರ್ ಮೇಡಂ ರಿಪೋರ್ಟ್ ಪಕ್ಕಕ್ಕಿಟ್ಟು ಗ್ರಾಫ್ ತೋರ್ಸು ಅಂದ್ರು. "ಬಿಸಿ ಆಗ್ತಾ ಹೋದ ಗೆರೆ ಇಲ್ಲಿದೆ, ತಣ್ಣಗಾಗ್ತಾ ಬಂದ ಗೆರೆ ಇಷ್ಟು ಮೇಲಿದೆ, ನೋಡಿದ್ಯಾ? ಈ ಮ್ಯಾಗ್ನೆಟೈಟ್ ಕಲ್ಲಲ್ಲಿ ಇದ್ದಿದ್ದಾ, ಇಲ್ಲ ನೀನೇ ಫರ್ನೇಸಲ್ಲಿ ಮಾಡಿದ್ದಾ?" ನನ್ ಹತ್ರ ಉತ್ತರ ಇರ್ಲಿಲ್ಲ. 400ರ ಆಸುಪಾಸಲ್ಲಿ ಗೆರೆ ಇಳಿಯೋದು ಬಿಟ್ಟು ಸ್ವಲ್ಪ ಮೇಲೆದ್ದಿತ್ತು, ಅದನ್ನ ನಾನು ಮಷಿನಿನ ನಾಯ್ಸ್ ಅಂತ ಬಿಟ್ಟಿದ್ದೆ.

ವಿಷಯ ಏನಂದ್ರೆ, ಸಾಗರತಳದ ಲಾವಾ ಗಟ್ಟಿಯಾದಾಗ ಅದರಲ್ಲಿರೋದು ಟೈಟಾನೋಮ್ಯಾಗ್ನೆಟೈಟ್, ಟೈಟಾನಿಯಂ ಜಾಸ್ತಿ ಇರೋದ್ರಿಂದ ಕ್ಯೂರಿ ಟೆಂಪರೇಚರ್ ಬರೀ 150ರಿಂದ 200 ಡಿಗ್ರಿ. ಆಮೇಲೆ ಬಿರುಕುಗಳಲ್ಲಿ ತಣ್ಣನೆ ಸಮುದ್ರದ ನೀರು ಹರಿದು ಹರಿದು ಆಕ್ಸಿಡೈಸ್ ಆಗಿ ಅದು ಟೈಟಾನೋಮ್ಯಾಗ್ಹೆಮೈಟ್ ಆಗತ್ತೆ, ಕ್ಯೂರಿ ಟೆಂಪರೇಚರ್ ಏರತ್ತೆ, ಕಾಂತತ್ವ ಮಾತ್ರ ಇಳಿಯತ್ತೆ. ಸಾಗರದ ನಡುವೆ ಲಾವಾ ಉಕ್ಕಿ ಬರೋ ಏಣಿನ (ರಿಡ್ಜ್) ಮೇಲೆ ಹೊಸ ಲಾವಾ ಜೋರಾಗಿ ಕಾಂತೀಯ ಸಿಗ್ನಲ್ ಕೊಟ್ಟು ದೂರ ಹೋದಂಗೆ ಮಂಕಾಗೋದಕ್ಕೆ ಇದೂ ಒಂದು ಮುಖ್ಯ ಕಾರಣ. 1963ರಲ್ಲಿ ಭೂವಿಜ್ಞಾನಿಗಳಾದ ವೈನ್ ಮತ್ತೆ ಮ್ಯಾಥ್ಯೂಸ್ ಅರ್ಥ ಹೇಳಿದ್ರಲ್ಲ, ಸಾಗರತಳದಲ್ಲಿ ಕಾಂತತ್ವದ ದಿಕ್ಕು ತಿರುಗ್ತಾ ಹೋಗೋ ಆ ಕಾಂತೀಯ ಪಟ್ಟೆಗಳು, ಅವನ್ನ ಹೊತ್ಕೊಂಡಿರೋದ್ರಲ್ಲಿ ಇದೇ ಖನಿಜದ ಸಣ್ಣ ಕಣಗಳ ಪಾಲು ದೊಡ್ಡದು. ಇಂಥದ್ದನ್ನ ಸುಮ್ನೆ ಕಾಯಿಸಿದ್ರೆ ಒಡೆದು ಮ್ಯಾಗ್ನೆಟೈಟಿಗೆ ಹತ್ತಿರದ ಖನಿಜ ಬೇರೆಯಾಗತ್ತೆ, ನಾನು ಕಂಡಿದ್ದು ಅದು.

ಮತ್ತೆ ಮಾಡಿದ್ವಿ, ಈ ಸಲ ಗಾಳಿ ಬದಲು, ಯಾವುದರ ಜೊತೆಗೂ ಸುಲಭಕ್ಕೆ ಬೆರೆಯದ ಆರ್ಗಾನ್ ಗ್ಯಾಸ್ ಬಿಟ್ಕೊಂಡು, 200ಕ್ಕೆ ಕಾಯ್ಸಿ ಇಳ್ಸು, 250ಕ್ಕೆ ಕಾಯ್ಸಿ ಇಳ್ಸು, ಹೀಗೆ. ಎಲ್ಲಿವರೆಗೆ ಹೋದ ದಾರಿಯಲ್ಲೇ ಗೆರೆ ವಾಪಸ್ ಬರತ್ತೋ ಅಲ್ಲಿವರೆಗೆ ಮಾತ್ರ ಅದು ಕಲ್ಲಿನ ಮಾತು. ತುಂಡನ್ನ ಕೊಯ್ದು ನೋಡಿದಾಗ ಬಿರುಕಿನ ಪಕ್ಕ ಆಕ್ಸಿಡೈಸ್ ಆದ ಕಂದು ಬಣ್ಣದ ಪಟ್ಟಿ, ಅದರಾಚೆ ಬೂದು ಬಣ್ಣದ ತಾಜಾ ಭಾಗ, ಎರಡಕ್ಕೂ ಬೇರೆ ಬೇರೆ ಗ್ರಾಫ್ ಬಂತು. ಮೊದಲ ಸಲ ಎರಡನ್ನೂ ಒಟ್ಟಿಗೇ ಅರೆದಿದ್ದ ಪುಣ್ಯಾತ್ಮ ನಾನೇ.

ಎರಡು ಸ್ಯಾಂಪಲ್ಲಂತೂ ಪೂರ್ತಿ ಪುಡಿಯಾಗಿ ಫರ್ನೇಸಿಗೆ ಹೋಗಿ ಮುಗಿದಿದ್ವು, ಮತ್ತೆ ಅಳೆಯೋಕೆ ಚೂರೂ ಉಳಿದಿರ್ಲಿಲ್ಲ. ಟೇಬಲಲ್ಲಿ ಅವುಗಳ ಎದುರಿಗೆ ಗೆರೆ ಎಳೆದು ಬಿಟ್ವಿ.