ದೇವಿಮನೆ ಘಟ್ಟದಲ್ಲಿ ಸಿಕ್ಕ ಸಂಖ್ಯೆ

ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದ ಬಸ್ಸು ದೇವಿಮನೆ ಘಟ್ಟದಲ್ಲಿ ನಿಂತಿತು. ರಸ್ತೆಗೆ ಅಡ್ಡ ಮರ ಬಿದ್ದಿತ್ತು. ಜುಲೈ ಮಳೆ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಬಸ್ಸಿನ ತುಂಬಾ ಒದ್ದೆ ಕೊಡೆಗಳ ವಾಸನೆ.

ಪಕ್ಕದಲ್ಲಿ ಅಣ್ಣನ ಮಗ, ಒಂಬತ್ತನೇ ಕ್ಲಾಸು. "ಅಪ್ಪಚ್ಚಿ, ಒಂದು ಲೆಕ್ಕ ಹೇಳ್ಲಾ?" ಎಂದ. 1ರಿಂದ 9ರವರೆಗಿನ ಅಂಕೆಗಳನ್ನು ಒಂದೊಂದೇ ಸಲ ಬಳಸಿ ಒಂದು ಸಂಖ್ಯೆ ಮಾಡಬೇಕು. ಅದರ ಮೊದಲ ಎರಡು ಅಂಕೆ 2ರಿಂದ ಭಾಗ ಹೋಗಬೇಕು, ಮೊದಲ ಮೂರು 3ರಿಂದ, ಮೊದಲ ನಾಲ್ಕು 4ರಿಂದ, ಹೀಗೇ ಒಂಬತ್ತರ ತನಕ. ಅಂಥದ್ದು ಇರುವುದು ಒಂದೇ ಒಂದಂತೆ.

ಕಿರಾಣಿ ಚೀಟಿಯ ಹಿಂಬದಿಯಲ್ಲಿ ಶುರು ಮಾಡಿದೆ. ಐದನೇ ಜಾಗಕ್ಕೆ 5 ಬಿಟ್ಟರೆ ಬೇರೆ ಗತಿಯಿಲ್ಲ. ಎರಡು, ನಾಲ್ಕು, ಆರು, ಎಂಟನೇ ಜಾಗಕ್ಕೆ ಸಮ ಅಂಕೆ, ಉಳಿದ ಕಡೆ ಬೆಸ. ಬೆಸ ಅಂಕೆ ಆದಮೇಲೆ 2 ಅಥವಾ 6 ಬಂದರೆ ಮಾತ್ರ 4ರಿಂದ ಭಾಗ ಹೋಗುತ್ತದೆ. 12, 36, 72 ನೋಡಿ. ಹಾಗಾಗಿ ನಾಲ್ಕನೇ ಮತ್ತು ಎಂಟನೇ ಜಾಗ ಅವೆರಡಕ್ಕೇ ಮೀಸಲು. ನಡುವಿನ ಮೂರು ಅಂಕೆ ಕೂಡಿದರೆ 3ರಿಂದ ಹೋಗಬೇಕಲ್ಲ, ಅಲ್ಲಿಗೆ 258 ಅಥವಾ 654. 3 ಮತ್ತು 8ರ ಪರೀಕ್ಷೆ ಮುಗಿದಾಗ ಉಳಿದದ್ದು ಹತ್ತೇ ಸಂಖ್ಯೆ. 9ರ ಚಿಂತೆ ಇಲ್ಲ, ಒಂಬತ್ತೂ ಅಂಕೆ ಕೂಡಿದರೆ 45 ಬರುತ್ತದೆ.

ಇನ್ನು 7. ಹತ್ತರಲ್ಲಿ 987654321 ಇತ್ತು. ಫೋನಿನ ಕೀಪ್ಯಾಡ್‌ನಲ್ಲಿ ಕೆಳಗಿಳಿದು, ಮತ್ತೆ ಇಳಿದು, ಕೊನೆಗೆ ಮೇಲೆ ಹತ್ತುವ 147258963 ಕೂಡ ಇತ್ತು. ಇವೆರಡರಲ್ಲೇ ಒಂದಿರಬೇಕು ಅಂದುಕೊಂಡೆ. ಮೊದಲ ಏಳಂಕೆಯನ್ನು 7ರಿಂದ ಭಾಗಿಸಿದರೆ ಒಂದರಲ್ಲಿ ಶೇಷ 5, ಇನ್ನೊಂದರಲ್ಲಿ 6. ನೋಡೋಕೆ ಚೆಂದ ಇದ್ದವೇ ಕೈಕೊಟ್ಟವು! ಉಳಿದವನ್ನೂ ಒಂದೊಂದಾಗಿ ಹೊಡೆದು ಹಾಕಿದೆ. ಹತ್ತೂ ಹೋದವು. "ಅಂಥ ಸಂಖ್ಯೆಯೇ ಇಲ್ಲ ಮಾರಾಯ" ಎಂದೆ, ಸ್ವಲ್ಪ ಜೋರಾಗಿಯೇ.

ಮುಂದಿನ ಸೀಟಿನಲ್ಲಿ ಕವಳ ಹಾಕುತ್ತಿದ್ದ ಹಿರಿಯರು ಹಿಂದೆ ತಿರುಗಿದರು. ಜೀವನಪೂರ್ತಿ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರಂತೆ. ಚೀಟಿ ತೆಗೆದುಕೊಂಡು, ಬೆರಳಿಗಂಟಿದ ಸುಣ್ಣ ಅದಕ್ಕೆ ತಾಗದಂತೆ ಹಿಡಿದು, ಒಂದೊಂದನ್ನೇ ಓದಿದರು. ನಾನು ಗೀಟು ಹಾಕಿದ್ದ ಒಂದರ ಮೇಲೆ ಕಣ್ಣು ನಿಂತಿತು. 3816547.

"ಮೂವತ್ತೆಂಟು ಲಕ್ಷದ ಹದಿನೈದು ಸಾವಿರ ಏಳಕ್ಕೆ ಹೋಗ್ತು. ಉಳಿದದ್ದು ಹದಿನೈದು ನೂರಾ ನಲವತ್ತೇಳು. ಅದರಲ್ಲಿ ಹದಿನಾಲ್ಕು ನೂರು ತೆಗಿ, ನೂರಾ ನಲವತ್ತೇಳು. ಏಳು ಇಪ್ಪತ್ತೊಂದ್ಲೆ. ಸರೀ ಹೋಗ್ತಲ ತಮಾ!"

ನಾನು ಭಾಗಾಕಾರದ ನಡುವೆ ಎಲ್ಲೋ ಒಂದು ಕೈಬಿಟ್ಟಿದ್ದೆ. 381654729. ಹುಡುಗ ಆಗಲೇ ಕಿಸಿಕಿಸಿ ನಗುತ್ತಿದ್ದ. ಅವನಿಗೆ ಉತ್ತರ ಮೊದಲೇ ಗೊತ್ತಿತ್ತು, ಸುಮ್ನೆ ಕೂತು ನೋಡಿದ್ದ.

ಅಷ್ಟರಲ್ಲಿ ಮರ ಕಡಿದು ಸರಿಸಿದರು. ಬಸ್ಸು ಹೊರಟ ಮೇಲೆ ಹುಡುಗ ಚೀಟಿಯಲ್ಲಿ ಕೊನೆಗೊಂದು ಸೊನ್ನೆ ಸೇರಿಸಿದ. 3816547290. ಈಗ 10ರಿಂದಲೂ ಭಾಗ ಹೋಗುತ್ತದೆ, 0ಯಿಂದ 9ರವರೆಗಿನ ಎಲ್ಲಾ ಅಂಕೆಯೂ ಬಂದಂತಾಯಿತು. ಹತ್ತಂಕೆ ಆಯಿತಲ್ಲ, ಈ ನಂಬರಿನ ಸಿಮ್ ಸಿಗಬಹುದಾ ಎಂದು ಕೇಳಿದ. ನಮ್ಮಲ್ಲಿ ಮೊಬೈಲ್ ನಂಬರು 3ರಿಂದ ಶುರುವಾಗುವುದಿಲ್ಲ ಎಂದೆ. ಕುಮಟಾ ಬರುವ ತನಕ ಅವನ ಮುಖ ಸಣ್ಣದಾಗಿಯೇ ಇತ್ತು.