ಅಜ್ಜಿಗೂ ಮೀಟರಿನ ಭಯವೇ?

ಕಳೆದ ಭಾನುವಾರ ಇಂಗ್ಲೆಂಡಿನ ಲೀಡ್ಸ್‌ನಿಂದ ಊರಿಗೆ ವಿಡಿಯೊ ಕರೆ ಮಾಡಿದ್ದೆ. ಬಸವನ ಬಾಗೇವಾಡಿ ಕಡೆಯ ನಮ್ಮ ಹಳ್ಳಿ. ಅವ್ವ ತೊಗರಿಕಟ್ಟಿಗೆ ಮುರಿದು ಮುರಿದು ಒಲೆಗೆ ಹಾಕುತ್ತಿದ್ದಳು. ಹಿಂದೆ ಕಟ್ಟೆಯ ಮೇಲಿನ ಗ್ಯಾಸ್ ಒಲೆಗೆ ಹಳೆಯ ಇಳಕಲ್ ಸೀರೆಯ ತುಂಡು ಹೊದಿಸಿತ್ತು. ನನ್ನ ಒಂಬತ್ತು ವರ್ಷದ ಮಗಳು ಹಣಕಿ ನೋಡಿ ಕೇಳಿದಳು: "ಅಜ್ಜಿಗೂ ಮೀಟರಿನ ಭಯವೇ?"

ಅವಳ ತಲೆಯಲ್ಲಿದ್ದದ್ದು ಪಕ್ಕದ ಮನೆಯ ವೃದ್ಧೆ. ಎಂಬತ್ತು ದಾಟಿದ ಅವರು ಮನೆಯೊಳಗೂ ಕೋಟು ಹಾಕಿಕೊಂಡು, ಮಡಿಲಲ್ಲಿ ಬಿಸಿನೀರಿನ ಚೀಲವಿಟ್ಟುಕೊಂಡು, ಸ್ಮಾರ್ಟ್ ಮೀಟರಿನ ಪುಟ್ಟ ಪರದೆಯಲ್ಲಿ ಪೆನ್ನಿಗಳು ಏರುವುದನ್ನೇ ನೋಡುತ್ತಿರುತ್ತಾರೆ. ಚಹಾಕ್ಕೆ ಒಂದೇ ಕಪ್ಪು ನೀರು ಅಳೆದು ಕಾಯಿಸುತ್ತಾರೆ. 2024ರಲ್ಲಿ ಚಳಿಗಾಲದ ಇಂಧನ ಭತ್ಯೆ ಬಹುಪಾಲು ಪಿಂಚಣಿದಾರರಿಗೆ ನಿಂತಿತು. ಮರುವರ್ಷ ಬಹುತೇಕರಿಗೆ ಮರಳಿತು. ಕೋಟು ಮಾತ್ರ ಇನ್ನೂ ಇಳಿದಿಲ್ಲ.

ಮನೆಗಳ ಇಂಧನ ಖರ್ಚಿನ ಸಮೀಕ್ಷೆ ಜೋಡಿಸುವುದೇ ಇಲ್ಲಿ ನನ್ನ ಕೆಲಸ. ಆದಾಯದ ಶೇ 10ಕ್ಕಿಂತ ಹೆಚ್ಚು ಇಂಧನಕ್ಕೇ ಬೇಕಾದರೆ ಅದು 'ಇಂಧನ ಬಡತನ' ಎಂಬ ಅಳತೆ ಬ್ರಿಟನ್ನಿನಲ್ಲಿ 1991ರಲ್ಲಿ ಹುಟ್ಟಿತು. ಈಗ ಇಂಗ್ಲೆಂಡಿನಲ್ಲಿ ಬೇರೆ ಅಳತೆಯಿದೆ, ಇರಲಿ. ಜಾಣತನವೆಲ್ಲ ಆ 'ಬೇಕಾದರೆ'ಯಲ್ಲಿದೆ: ಎಷ್ಟು ಖರ್ಚಾಯಿತು ಎಂದಲ್ಲ, ಮನೆ ಬೆಚ್ಚಗಿರಲು ಎಷ್ಟು ಬೇಕು ಎಂದು. ಬರೀ ಬಿಲ್ಲು ನೋಡಿದರೆ ನಡುಗುತ್ತ ಕುಳಿತವರೂ ಸುಖಿಗಳಂತೆಯೇ ಕಾಣುತ್ತಾರೆ.

ನಮ್ಮಲ್ಲಿ ಬಿಲ್ಲನ್ನೇ ನೋಡಿದರು. 2023ರಲ್ಲಿ ಗೃಹಜ್ಯೋತಿ ಬಂದಾಗ 200 ಯೂನಿಟ್‌ವರೆಗೆ ಉಚಿತ ಎಂದು ಊರೆಲ್ಲ ಹಿಗ್ಗಿತು. ಆದರೆ ಒಬ್ಬೊಬ್ಬರ ಪಾಲು ನಿಗದಿಯಾದದ್ದು 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ. ಜೀವನವಿಡೀ ದೀಪ ಆರಿಸುತ್ತಲೇ ಬಂದ ಅವ್ವನಿಗೆ ಸಣ್ಣ ಪಾಲು, ಹಗಲು ರಾತ್ರಿ ಫ್ಯಾನ್ ತಿರುಗಿಸಿದವರಿಗೆ ದೊಡ್ಡದು. ಶೂನ್ಯ ಬಿಲ್ಲನ್ನು ಅವಳು ದೇವರ ಫೋಟೊ ಹಿಂದೆ ಸಿಕ್ಕಿಸಿಟ್ಟಿದ್ದಾಳೆ ಎಂಬುದು ಬೇರೆ ಮಾತು. ಮಾಳಿಗೆ ಹತ್ತಿದರೆ ಕೂಡಗಿಯ 2,400 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಅಲ್ಲಿಯ ಹೊಗೆಗೆ ಮಿತಿ, ಮಾಪನ ಎಲ್ಲ ಇವೆ. ಒಲೆಯ ಮುಂದೆ ಕುಳಿತವಳ ಹೊಗೆಗೆ ಯಾವ ಮೀಟರೂ ಇಲ್ಲ.

ಮೊಮ್ಮಗಳ ಪ್ರಶ್ನೆಯನ್ನು ಅವ್ವನಿಗೆ ದಾಟಿಸಿದೆ. "ಭಯ ಯಾತರದು? ಗ್ಯಾಸಿನ ಮೇಲೆ ರೊಟ್ಟಿ ಉಬ್ಬುವುದಿಲ್ಲ" ಎಂದಳು.

"ಅವ್ವಾ, ಸಿಲಿಂಡರ್ ತಂದು ಎಷ್ಟು ತಿಂಗಳಾಯಿತು?"

ಅವಳು ಊದುಗೊಳವೆ ಎತ್ತಿಕೊಂಡಳು. ಪರದೆ ತುಂಬ ಹೊಗೆ.